ಅಪರ್ಣಾ ಅನ್ನ ಬಿಟ್ಟ ದಿನಗಳು

ಗಂಡನಿಗೆ ಊಟ ಬಡಿಸಿ ಅಪರ್ಣಾ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದಳು. ಅನ್ನದ ಪರಿಮಳ ಅಲ್ಲಿಗೂ ಬರುತ್ತಿತ್ತು. ಉಡುಪಿಯಿಂದ ಅತ್ತೆ ಕಳಿಸಿಕೊಟ್ಟ ಕುಚ್ಚಲಕ್ಕಿ. ಕೊಲ್ಕತ್ತಾದಲ್ಲಿ ಬಂಗುಡೆ ಸಿಗದೆ ಸಿಹಿನೀರಿನ ರುಯಿ ಮೀನಿಗೇ ತೆಂಗಿನಕಾಯಿ ಅರೆದು ಮಾಡಿದ ಸಾರು. ಅವಳ ಬಾಯಲ್ಲಿ ನೀರೂರುತ್ತಿತ್ತು. ಅವಳು ರಸ್ತೆ ನೋಡುತ್ತ ನಿಲ್ಲುತ್ತಿದ್ದಳು.

"ಒಂದು ತುತ್ತು ಉಣ್ಣು ಮಾರಾಯ್ತಿ," ಎಂದು ಸಂದೀಪ ಒಳಗಿನಿಂದ ಕರೆಯುತ್ತಿದ್ದ. "ಒಬ್ಬನೇ ಉಣ್ಲಿಕ್ಕೆ ನಂಗೆ ಗಂಟಲಲ್ಲಿ ಇಳಿಯುದಿಲ್ಲ."

"ನಂಗೆ ಬೇಡ. ನೀವು ಉಣ್ಣಿ. ನನ್ನದು ಕುಡಿದಾಯ್ತು."

ಕುಡಿದದ್ದು ಎಂದರೆ ಡಬ್ಬಿಯ ಪುಡಿ, ಒಂದು ಲೋಟ ನೀರಿನಲ್ಲಿ ಕಲಸಿದ್ದು.

ಸಂದೀಪ ಬ್ಯಾಂಕಿನಲ್ಲಿ ಅಧಿಕಾರಿ, ಕಸ್ಬಾ ಶಾಖೆಯಲ್ಲಿ ಕೆಲಸ. ವರ್ಗವಾಗಿ ಕೊಲ್ಕತ್ತಾಗೆ ಬಂದು ಮೂರು ವರ್ಷ. ಮನೆ ಲೇಕ್ ಗಾರ್ಡನ್ಸಿನಲ್ಲಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ದುರ್ಗಾ ಪೂಜೆಯ ದಿನಗಳಲ್ಲಿ ಓಣಿಯ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಪ್ರಸಾದ ಹಿಡಿದು ಮೆಟ್ಟಿಲು ಹತ್ತಿ ಬಂದರೆ ಅಪರ್ಣಾ ಅವರನ್ನು ಬೇಗ ಕಳಿಸುತ್ತಿರಲಿಲ್ಲ. ಹೆಸರು ಕೇಳುತ್ತಿದ್ದಳು, ಕ್ಲಾಸು ಕೇಳುತ್ತಿದ್ದಳು, ಲಡ್ಡು ಕೊಡುತ್ತಿದ್ದಳು. ಅವರು ಹೋದ ಮೇಲೂ ಬಾಗಿಲು ತೆರೆದೇ ಇರುತ್ತಿತ್ತು.

ಹೋದ ವರ್ಷ ಡಾಕ್ಟರು ಪರೀಕ್ಷೆ ಮಾಡಿ, ಅಂಡಾಶಯದಲ್ಲಿ ಪಿಸಿಒಡಿ ಎಂಬ ತೊಂದರೆ ಇದೆ, ಅದಕ್ಕೇ ಮುಟ್ಟು ಹಿಂದೆ ಮುಂದೆ ಆಗುತ್ತದೆ ಎಂದರು. ಎಪ್ಪತ್ತಾರು ಕಿಲೋ ಇದ್ದೀರಿ, ಐದಾರು ಕಿಲೋ ಇಳಿದರೂ ಅನುಕೂಲವಾಗುತ್ತದೆ, ಅವಸರ ಬೇಡ, ಆರು ತಿಂಗಳು ತೆಗೆದುಕೊಳ್ಳಿ ಎಂದೂ ಹೇಳಿದರು. ಅಪರ್ಣಾಳ ಕಿವಿಗೆ ಬಿದ್ದದ್ದು ತೂಕದ ಮಾತು ಮಾತ್ರ. ಮೂವತ್ತಾರನೇ ವಯಸ್ಸಿನಲ್ಲಿ ಮಗುವಿಗಾಗಿ ಕಾಯುವವಳಿಗೆ ಆರು ತಿಂಗಳು ಬಹಳ ದೂರ ಕಾಣುತ್ತದೆ.

ಆಗ ಸಿಕ್ಕಿದವಳು ಧಾರವಾಡ ಕಡೆಯ ಕೋಕಿಲಾ. ಕನ್ನಡದವರ ಯುಗಾದಿ ಊಟದಲ್ಲಿ ಪರಿಚಯವಾದವಳು. ಕಸ್ಬಾದಲ್ಲಿ ಒಂದು ಮಹಡಿಯ ಮೇಲೆ ತೂಕ ಇಳಿಸುವ ಕ್ಲಬ್ ನಡೆಸುತ್ತಿದ್ದಳು. ಪ್ರೀತಿಯ ಹೆಂಗಸು. ಮೋಸ ಮಾಡುವ ಉದ್ದೇಶ ಅವಳಿಗೆ ಇರಲಿಲ್ಲ. ಮಾರುತ್ತಿದ್ದ ಡಬ್ಬಿಯ ಪುಡಿಯನ್ನೇ ತಾನೂ ಕುಡಿಯುತ್ತಿದ್ದಳು.

"ಆರು ತಿಂಗಳು ಯಾಕ್ರಿ ಬೇಕು?" ಎಂದಳು ಕೋಕಿಲಾ. "ಮುಂಜಾನೆ ಈ ಪುಡಿ ಒಂದು ಲೋಟ, ಮಧ್ಯಾಹ್ನ ಒಂದು ಲೋಟ. ಸಂಜೀಗೆ ಸೌತೆಕಾಯಿ ತಿಂದು ಈ ಪೊಟ್ಟಣದ ಚಹಾ ಕುಡೀರಿ. ಅನ್ನ, ಚಪಾತಿ ಮುಟ್ಟಬ್ಯಾಡ್ರಿ. ಎರಡು ತಿಂಗಳಿಗೆ ಹನ್ನೆರಡು ಕಿಲೋ ಹೋಗ್ತದ."

ಹಾಗೆ ಅಪರ್ಣಾ ಅನ್ನ ಬಿಟ್ಟಳು.

ಮೊದಲ ವಾರವೇ ನಾಲ್ಕು ಕಿಲೋ ಇಳಿಯಿತು. ಕ್ಲಬ್ಬಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾ ಕುಡಿದರೆ ದಿನಕ್ಕೆ ನಾಲ್ಕೈದು ಸಲ ಕಕ್ಕಸಿಗೆ ಓಡಬೇಕಾಗುತ್ತಿತ್ತು. "ಹೊಲಸು ಹೊರಗ ಹೋಗಾಕತ್ತದ, ಛಲೋನೇ ಆತು," ಎಂದಳು ಕೋಕಿಲಾ. ಆರನೇ ವಾರಕ್ಕೆ ತೂಕ ಅರವತ್ತಾರಾಯಿತು. ಬಾಚಿದರೆ ಕೂದಲು ಹಿಡಿ ಹಿಡಿಯಾಗಿ ಬರುತ್ತಿತ್ತು. ಫ್ಯಾನ್ ಹಾಕಿದರೆ ಚಳಿ. ಎರಡು ಮಹಡಿ ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಆದರೂ ಬಿಡಲಿಲ್ಲ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದುಕೊಂಡಳು.

ಆ ತಿಂಗಳು ಅವಳಿಗೆ ಮುಟ್ಟು ಬರಲಿಲ್ಲ.

ತಡವಾದರೂ ನಲವತ್ತು ದಿನಕ್ಕೆ ಬರುತ್ತಿದ್ದದ್ದು ಐವತ್ತಾದರೂ ಬರಲಿಲ್ಲ. ಅಪರ್ಣಾ ಮೂರು ದಿನ ಯಾರಿಗೂ ಹೇಳಲಿಲ್ಲ. ತಲೆ ಸುತ್ತುವುದು, ಸುಸ್ತು, ಹೊಟ್ಟೆ ತೊಳಸುವುದು, ಎಲ್ಲವೂ ಅವಳಿಗೆ ಒಂದೇ ಅರ್ಥ ಹೇಳಿದವು. ನಾಲ್ಕನೇ ದಿನ ಬೆಳಿಗ್ಗೆ ಸಂದೀಪನಿಗೆ ಹೇಳಿದಳು.

ಅವನು ಶೂ ಹಾಕುತ್ತಿದ್ದವನು ಹಾಗೇ ಕುಳಿತ. "ಹೌದಾ?" ಎಂದ. ಮತ್ತೆ ಕೇಳಿದ, "ಹೌದಾ ಅಪರ್ಣಾ?" ಆ ದಿನ ಸಂಜೆ ಬೇಗ ಬಂದ. ಇಸ್ತ್ರಿ ಮಾಡಲು ಬಿಟ್ಟರೆ ಮತ್ತೇನಕ್ಕೂ ಬಳಸದ ಸಣ್ಣ ಕೋಣೆಯ ಕಿಟಕಿ ತೆರೆದು, "ಇಲ್ಲಿ ಬೆಳಿಗ್ಗೆ ಒಳ್ಳೆ ಬಿಸಿಲು ಬರ್ತದೆ, ನೋಡಿದ್ದೀಯಾ?" ಎಂದ. ಊರಿಗೆ ಸದ್ಯ ಫೋನ್ ಮಾಡುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡರು.

ಮೆಡಿಕಲ್ ಅಂಗಡಿಯ ಕಿಟ್ ತಂದು ನೋಡಿದರೆ ಒಂದೇ ಗೆರೆ. ಕಿಟ್ ಸರಿಯಿಲ್ಲ ಎಂದುಕೊಂಡಳು. ವಾರ ಬಿಟ್ಟು ಇನ್ನೊಂದು ತಂದಳು. ಅದರಲ್ಲೂ ಒಂದೇ ಗೆರೆ. ಬಚ್ಚಲುಮನೆಯ ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದಳು. ಎರಡನೇ ಗೆರೆ ಮೂಡಲಿಲ್ಲ.

ಅದಾದ ಮರುದಿನ ಬೆಳಿಗ್ಗೆ ಕ್ಲಬ್ಬಿಗೆ ಹೊರಟವಳು ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಮೆಟ್ಟಿಲ ಬಳಿ ಕಣ್ಣು ಕತ್ತಲಿಟ್ಟು ಕುಸಿದಳು. ಅಲ್ಲಿ ಮುಡಿ, ಅಂದರೆ ಮಂಡಕ್ಕಿ, ಮಾರುವ ಹೆಂಗಸೊಬ್ಬಳು ಓಡಿ ಬಂದು ಮುಖಕ್ಕೆ ನೀರು ಚಿಮುಕಿಸಿದಳು. ಎಚ್ಚರವಾದ ಮೇಲೆ ಎತ್ತಿ ಕೂರಿಸಿ, ಕಾಯಿಚೂರು ಹಾಕಿದ ಮಂಡಕ್ಕಿಯ ಪೊಟ್ಟಣ ಕೈಗಿಟ್ಟು, "ಆಗೇ ಖಾನ್ ದೀದಿ," ಎಂದಳು. ಮೊದಲು ತಿನ್ನಿ. ಅಪರ್ಣಾ ಒಂದು ಹಿಡಿ ತಿಂದಳು. ಮತ್ತೊಂದು ಹಿಡಿ. ಮತ್ತೆ ನಿಲ್ಲಿಸಲಿಕ್ಕೇ ಆಗಲಿಲ್ಲ. ತಿನ್ನುತ್ತಾ ಅಳುತ್ತಿದ್ದಳು, ಜನ ನೋಡುತ್ತಿದ್ದರು.

ಅದೇ ದಾರಿಯಲ್ಲಿ ಬಂದವರು ಪದ್ಮಿನಿ. ಮೈಸೂರಿನವರು, ಅಪರ್ಣಾ ಇರುವ ಕಟ್ಟಡದಲ್ಲೇ ಕೆಳಗಿನ ಮಹಡಿಯಲ್ಲಿ ಮನೆ. ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಆಹಾರ ಮತ್ತು ಪೋಷಣೆಯ ಪಾಠ ಮಾಡುತ್ತಾರೆ. ಅಂದು ಪಾಠಕ್ಕೆ ಹೋಗದೆ ಅಪರ್ಣಾಳನ್ನು ರಿಕ್ಷಾದಲ್ಲಿ ಮನೆಗೆ ಕರೆತಂದರು.

"ಏನಮ್ಮ ತಿಂತಿದ್ದೀಯ ನೀನು? ಇದ್ದದ್ದು ಇದ್ದ ಹಾಗೆ ಹೇಳು."

ಅಪರ್ಣಾ ಹೇಳಿದಳು. ಪದ್ಮಿನಿ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದರು. ಚಹಾದ ಪೊಟ್ಟಣವನ್ನೂ ಓದಿದರು.

"ಇದರಲ್ಲಿ ಸೋನಾಮುಖಿ ಇದೆ. ಭೇದಿ ಆಗ್ಲಿ ಅಂತ ಕೊಡೋ ಎಲೆ. ಇದು ಕೊಬ್ಬು ಕರಗಿಸಲ್ಲ ಅಪರ್ಣಾ, ಮೈಯಲ್ಲಿರೋ ನೀರು ಹೊರಗೆ ಹಾಕುತ್ತೆ. ದಿನಾ ಕುಡಿದರೆ ಉಪ್ಪಿನಂಶವೂ ಹೋಗಿ ಎದೆ ಬಡಿತ ಹೆಚ್ಚುಕಮ್ಮಿ ಆಗುತ್ತೆ."

"ಆದ್ರೆ ತೂಕ ಇಳಿದದ್ದು ಸುಳ್ಳಾ ಅಕ್ಕ? ಹತ್ತು ಕಿಲೋ ಇಳಿದಿದೆ. ಡಾಕ್ಟರೇ ಇಳಿಸ್ಲಿಕ್ಕೆ ಹೇಳಿದ್ದು."

"ಇಳಿಸು ಅಂದರು. ಉಪವಾಸ ಬೀಳು ಅಂದರಾ? ಆ ಹತ್ತರಲ್ಲಿ ನೀರೆಷ್ಟು, ಮಾಂಸಖಂಡ ಎಷ್ಟು ಅಂತ ಆ ತಕ್ಕಡಿ ಹೇಳಲ್ಲ. ಕೂದಲು ಉದುರ್ತಿದೆ ಅಂತೀಯ, ಮೆಟ್ಟಿಲು ಹತ್ತೋಕಾಗಲ್ಲ ಅಂತೀಯ."

ಅಪರ್ಣಾ ತಲೆ ತಗ್ಗಿಸಿ, "ಅಕ್ಕ, ಮುಟ್ಟು ನಿಂತಿದೆ. ನಾನು... ನಾವು ಬೇರೆ ಎಂತದೋ ಅಂದುಕೊಂಡೆವು," ಎಂದಳು.

ಪದ್ಮಿನಿ ಡಬ್ಬಿ ಬದಿಗಿಟ್ಟರು. ಅವಳ ಪಕ್ಕಕ್ಕೆ ಬಂದು ಕೂತರು.

"ಮೈಗೆ ಊಟ ಸಾಲದೆ ಹೋದರೆ ಅದು ಏನು ಮಾಡುತ್ತೆ ಗೊತ್ತಾ? ಇವಳನ್ನು ಬದುಕಿಸಿಕೊಂಡರೆ ಸಾಕು, ಮಗುವಿನ ಮಾತು ಆಮೇಲೆ ಅಂತ ಮುಟ್ಟನ್ನೇ ನಿಲ್ಲಿಸಿಬಿಡುತ್ತೆ. ಎಷ್ಟೋ ಹುಡುಗಿಯರಿಗೆ ಹೀಗಾಗಿರೋದು ನಾನು ನೋಡಿದೀನಿ. ನಿನಗೂ ಅದೇ ಆಗಿರಬಹುದು. ನಾಳೆನೇ ಡಾಕ್ಟರ ಹತ್ತಿರ ಹೋಗಿ. ಡಬ್ಬಿನೂ ಚಹಾನೂ ಜೊತೆಗೆ ತಗೊಂಡು ಹೋಗಿ ತೋರಿಸಿ."

ಡಾಕ್ಟರು ಸ್ಕ್ಯಾನ್ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು. ಗರ್ಭ ನಿಂತಿರಲಿಲ್ಲ. ರಕ್ತ ಕಡಿಮೆಯಾಗಿತ್ತು. ಪದ್ಮಿನಿ ಹೇಳಿದ್ದನ್ನೇ ಅವರೂ ಹೇಳಿದರು. ಮನೆಗೆ ಬಂದ ಮೇಲೆ ಸಂದೀಪ ಸಣ್ಣ ಕೋಣೆಯ ಕಿಟಕಿ ಮುಚ್ಚಿ ಬಂದ. ಅಪರ್ಣಾ ಅಡುಗೆಮನೆಯಲ್ಲಿ ನಿಂತೇ ಅತ್ತಳು. ಇಲ್ಲದ ಮಗುವಿಗೆ ಎರಡು ವಾರ ತಾಯಿಯಾಗಿದ್ದಳು ಅವಳು.

ಆ ಸಂಜೆ ಪದ್ಮಿನಿ ಮೇಲೆ ಬಂದು ತಟ್ಟೆ ತರಿಸಿ ಯಾವುದು ಎಷ್ಟು ಬಡಿಸಿಕೊಳ್ಳಬೇಕೆಂದು ತೋರಿಸಿದರು. ಅರ್ಧ ತಟ್ಟೆ ತರಕಾರಿ: ಬಸಳೆ, ಪಡವಲ, ಇಲ್ಲಿನ ಸಂತೆಯಲ್ಲಿ ಸಿಗುವ ಯಾವ ಸೊಪ್ಪಾದರೂ ಸರಿ. ಉಳಿದದ್ದರಲ್ಲಿ ಅರ್ಧ ಅನ್ನ, ಇನ್ನರ್ಧ ಮೀನು ಅಥವಾ ಬೇಳೆ ಅಥವಾ ಮೊಟ್ಟೆ.

"ಅನ್ನ ತಿನ್ಬಹುದಾ?" ಅಪರ್ಣಾ ನಂಬದೆ ಕೇಳಿದಳು.

"ತಿನ್ನಲೇಬೇಕು. ನಿಮ್ಮ ಕುಚ್ಚಲಕ್ಕಿಗೆ ಏನಾಗಿದೆ? ಎರಡು ಸಲ ಬಡಿಸ್ಕೋಬೇಡ ಅಷ್ಟೆ. ಮಿಷ್ಟಿ ಅನ್ನೋ ಇಲ್ಲಿನ ಸಿಹಿ, ಜ್ಯೂಸು, ಎಣ್ಣೇಲಿ ಕರಿದಿದ್ದು ದಿನಾ ಬೇಡ. ಸಂಜೆ ಇಬ್ಬರೂ ಹತ್ತಿರದ ಸರೋವರದ ಸುತ್ತ ಮುಕ್ಕಾಲು ಗಂಟೆ ನಡೀರಿ."

"ಇಬ್ಬರೂ?" ಎಂದ ಸಂದೀಪ.

ಪದ್ಮಿನಿ ಅವನ ಹೊಟ್ಟೆ ನೋಡಿದರು. "ನಿಮಗೆ ಬೇಡ ಅಂತೀರಾ?" ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ಮೂವರೂ ನಕ್ಕರು.

ಸುಲಭವೇನೂ ಆಗಲಿಲ್ಲ. ಊಟ ಶುರು ಮಾಡಿದ ಮೊದಲ ತಿಂಗಳು ತೂಕ ಮೂರು ಕಿಲೋ ಏರಿತು. ಅಪರ್ಣಾ ಗಾಬರಿಯಾಗಿ ಒಮ್ಮೆ ಡಬ್ಬಿಯ ಮುಚ್ಚಳವನ್ನೂ ತೆಗೆದಳು. ಹೋಗಿದ್ದ ನೀರು ವಾಪಸು ಬಂದಿದೆ, ಹೆದರಬೇಡ ಎಂದರು ಪದ್ಮಿನಿ. ಕೋಕಿಲಾ ಫೋನ್ ಮಾಡಿ, ಯಾಕ್ರಿ ಬರವಲ್ರಿ ಎಂದು ಕೇಳಿದಾಗ ಅಪರ್ಣಾ ನಡೆದದ್ದನ್ನೆಲ್ಲ ಹೇಳಿದಳು. ಆ ಕಡೆಯಿಂದ ಕೋಕಿಲಾ, "ನಂದೂ ಕೂದಲು ಹೋಗ್ಯಾವ್ರಿ. ಬಿಟ್ಟರ ಮತ್ತ ತೂಕ ಏರ್ತದ, ಅದಕ್ಕ ಬಿಡಾಕ ಹೆದರಿಕಿ. ನಿಮ್ಮ ಮೇಡಂ ನಂಬರ್ ಕೊಡ್ತೀರೇನು?" ಎಂದಳು.

ಮೂರನೇ ತಿಂಗಳು, ಒಂದು ಭಾನುವಾರ ಬೆಳಿಗ್ಗೆ, ಅಪರ್ಣಾಳಿಗೆ ಮುಟ್ಟು ಬಂತು. ಒಂಬತ್ತು ವರ್ಷ ಅದು ಬಂದಾಗಲೆಲ್ಲ ಮಂಕಾಗುತ್ತಿದ್ದವಳು ಅಂದು ಸಂದೀಪನನ್ನು ಎಬ್ಬಿಸಿ ಹೇಳಿದಳು. ಮತ್ತೆ ಮುಂದಿನ ತಿಂಗಳೂ ಬಂತು, ಮೂವತ್ತಮೂರು ದಿನಕ್ಕೆ. ಈಗ ಅವಳ ತೂಕ ಅರವತ್ತೊಂಬತ್ತು. ಮೆಟ್ಟಿಲು ಹತ್ತುತ್ತಾಳೆ. ಚಿಕಿತ್ಸೆ ಶುರು ಮಾಡೋಣ ಎಂದು ಡಾಕ್ಟರು ಹೇಳಿದ್ದಾರೆ. ಮಗು ಇನ್ನೂ ಬಂದಿಲ್ಲ. ಬಂದೇ ಬರುತ್ತದೆ ಎಂದು ಯಾರೂ ಮಾತು ಕೊಟ್ಟಿಲ್ಲ. ಸಂಜೆ ಸರೋವರದ ದಂಡೆಯಲ್ಲಿ ಆಡುವ ಮಕ್ಕಳನ್ನು ಕಂಡರೆ ಇಬ್ಬರ ನಡಿಗೆಯೂ ಈಗಲೂ ನಿಧಾನವಾಗುತ್ತದೆ. ಆದರೆ ಮನೆಗೆ ಬಂದು ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ತೂಕ ಇಳಿಸಬೇಕೆಂದು ನಿಮಗೂ ಯಾರೋ ಹೇಳಿರಬಹುದು, ಡಾಕ್ಟರೋ, ಕನ್ನಡಿಯೋ, ನೆಂಟರೋ. ಇಳಿಸಬೇಕಾದ್ದಿದ್ದರೆ ಇಳಿಸಿ, ಆದರೆ ತಿಂಗಳಿಗೆ ಎರಡು ಮೂರು ಕಿಲೋ ಸಾಕು. ವಾರದಲ್ಲಿ ಇಳಿಸುತ್ತೇವೆ ಎನ್ನುವ ಪುಡಿ, ಮಾತ್ರೆ, ಚಹಾ ಯಾವುದನ್ನೂ ಡಾಕ್ಟರಿಗೆ ತೋರಿಸದೆ ಬಾಯಿಗೆ ಹಾಕಬೇಡಿ. ಊಟ ಕಡಿಮೆ ಮಾಡಿದ ಮೇಲೆ ಮುಟ್ಟು ನಿಂತರೆ, ತಲೆ ಸುತ್ತಿದರೆ, ಎದೆ ಹೊಡೆದುಕೊಂಡರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯಲ್ಲಿ ಯಾರಾದರೂ ಎಲ್ಲರಿಗೂ ಬಡಿಸಿ ತಾನು ಬಾಲ್ಕನಿಗೆ ಹೋಗುತ್ತಿದ್ದರೆ ಅವರನ್ನು ಒಳಗೆ ಕರೆಯಿರಿ. ಕರೆದರೆ ಬರದಿದ್ದರೆ ಎದ್ದು ಹೋಗಿ ಕೈ ಹಿಡಿದು ಕರೆತನ್ನಿ.