ಒಳಗಿನ ಮನೆಯ ಬೆಲೆ

ವಿಮೆಯ ಅರ್ಜಿ ನಮ್ಮ ಊಟದ ಮೇಜಿನ ಮೇಲೆ ಹನ್ನೊಂದು ದಿನ ಹಾಗೇ ಬಿದ್ದಿತ್ತು. ಅದರ ಮೇಲೆ ಸಾರಿನ ಕಲೆ ಬಿತ್ತೇ ಹೊರತು ಒಂದಕ್ಷರ ಬೀಳಲಿಲ್ಲ. ಅದಕ್ಕೆ ಕಾರಣ ನಮ್ಮತ್ತೆ.

ಕಟ್ಟಡದ ಗೋಡೆ, ಚಾವಣಿಗಳಿಗೆ ಫ್ಲ್ಯಾಟಿನವರ ಸಂಘ ವಿಮೆ ಮಾಡಿಸಿತ್ತು. ಒಳಗಿನದು ಅವರವರ ಪಾಡು. ಹಿಂದಿನ ವರ್ಷ ಕೆಳಮನೆಯ ಫಾಲಾಕ್ಷಯ್ಯನವರ ಅಡುಗೆಮನೆ ಸುಟ್ಟಾಗ ಸಂಘ ಗೋಡೆಗೆ ಬಣ್ಣ ಬಳಿಸಿ ಕೈತೊಳೆದುಕೊಂಡಿತ್ತು. ಅವರ ಮನೆಯವರು ಇನ್ನೂ ನೆಲದ ಮೇಲೆ ಒಲೆಯಿಟ್ಟು ಬೇಯಿಸುತ್ತಿದ್ದರು. ನಾವೂ ಇದ್ದಬದ್ದ ಉಳಿತಾಯವನ್ನೆಲ್ಲ ಮನೆಯ ಒಳಗೆ ಸುರಿದಿದ್ದೆವು. ಎರಡನೆಯ ಸಲ ಮಾಡಿಸುವ ಶಕ್ತಿ ನಮಗಿರಲಿಲ್ಲ.

ಎಷ್ಟಕ್ಕೆ ವಿಮೆ ಬೇಕೆಂದು ಅಂದಾಜು ಮಾಡಲು ಏನೇನು ಹಾಳಾಗಬಹುದೆಂದು ಬಾಯಿ ಬಿಟ್ಟು ಹೇಳಬೇಕಲ್ಲ! "ಅಡುಗೆಮನೆ ಸುಟ್ಟುಹೋದ್ರೆ..." ಎಂದು ನಾನು ಶುರುಮಾಡಿದರೆ ಸಾಕು, "ಬಿಡ್ತು ಅನ್ನೇ!" ಎಂದು ಅತ್ತೆ ಒಳಗಿನಿಂದಲೇ ಕೂಗುತ್ತಿದ್ದರು. ಅನ್ನುವ ತನಕ ಬಿಡುತ್ತಿರಲಿಲ್ಲ. "ಪೈಪ್ ಒಡೆದು ಕಪಾಟು ನೆನೆದ್ರೆ..." ಎಂದರೆ, "ಮತ್ತೆ ಅದೇ ಮಾತು! ಅಶ್ವಿನಿ ದೇವತೆಗಳು ಅಸ್ತು ಅಂದ್ಬಿಟ್ರೆ?" ನನ್ನ ಗಂಡ ಮಾತ್ರ ಪತ್ರಿಕೆಯ ಹಿಂದೆ ಅಡಗಿ ಕೂತಿರುತ್ತಿದ್ದರು. ನನಗೆ ತಲೆ ಚಿಟ್ಟುಹಿಡಿದುಹೋಗಿತ್ತು.

ಅರ್ಜಿ ಕೊಡುವ ಕೊನೆಯ ದಿನ ಏಜೆಂಟ್ ಪಂಚಾಕ್ಷರಿ ಬಂದರು. ಖಾಲಿ ಹಾಳೆ ನೋಡಿದರು, ನನ್ನ ದೂರು ಕೇಳಿದರು, ಆಮೇಲೆ ಅತ್ತೆಯ ಕಡೆ ತಿರುಗಿದರು.

"ಕೆಟ್ಟ ಮಾತೇ ಬೇಡಮ್ಮ. ಇಂಥದ್ದೇ ಹೊಸ ಮನೆ ತಗೊಂಡಿದೀರಿ ಅಂದ್ಕೊಳ್ಳಿ, ಮುಂದಿನ ತಿಂಗಳು ಗೃಹಪ್ರವೇಶ. ಒಳಗೆ ಏನೇನು ಮಾಡಿಸ್ಬೇಕು?"

ಹನ್ನೊಂದು ದಿನ ನನ್ನ ಬಾಯಿ ಮುಚ್ಚಿಸಿದವರು ಒಂದು ಗಂಟೆ ಹೊತ್ತು ಬಾಯಿ ಮುಚ್ಚಲಿಲ್ಲ. ನೆಲದ ಕಲ್ಲು, ನಲ್ಲಿ, ಕಪಾಟಿನ ಹಿಡಿಕೆ ಯಾವುದನ್ನೂ ಬಿಡಲಿಲ್ಲ. ಹನ್ನೆರಡು ವರ್ಷದ ಹಿಂದೆ ನಾವು ಮಾಡಿಸಿದಾಗಿನ ದರವನ್ನು ನಾನು ಹೇಳಿದರೆ, "ಆ ದುಡ್ಡಿಗೆ ಈಗ ಬಡಗಿ ತಿರುಗಿ ಕೂಡ ನೋಡಲ್ಲ, ಇವತ್ತಿನ ರೇಟ್ ಹಾಕಪ್ಪ" ಎಂದು ತಿದ್ದಿದರು. ನನ್ನ ಅಂದಾಜಿನ ಎರಡರಷ್ಟಾಯಿತು. ಈ ಬುದ್ಧಿ ಇವರಿಗೆ ಮೊದಲೇ ಇರಬಾರದಿತ್ತೇ ಎಂದು ಹಲ್ಲು ಕಡಿದೆ.

ಸಹಿ ಹಾಕುವ ಮುಂಚೆ ಓದಿದೆ. ಹಾಲ್, ಅಡುಗೆಮನೆ, ದೇವರಮನೆ, ನಮ್ಮ ಕೋಣೆ. ಅಷ್ಟೇ.

"ನಿಮ್ಮ ಕೋಣೆ ಎಲ್ಲಿ ಅತ್ತೆ?"

"ಇನ್ನೊಂದು ಮನೆ ಮಾಡೋ ಹೊತ್ತಿಗೆ ನಾನಿರ್ತೀನೇನೇ? ಸುಮ್ನೆ ದಂಡ."

ನನಗೆ ಸಿಟ್ಟು ನೆತ್ತಿಗೇರಿತು. "ಅದೆಲ್ಲ ಬೇಡ. ನಿಮ್ಮ ಕೋಣೇಲಿ ಏನಿರ್ಬೇಕು, ಅಷ್ಟು ಹೇಳಿ!"

ಅತ್ತೆ ಸೆರಗಿನ ಅಂಚು ಸರಿಮಾಡಿಕೊಂಡರು. ನನ್ನ ಕಡೆ ನೋಡದೆ ಪಂಚಾಕ್ಷರಿಗೆ ಹೇಳಿದರು: "ಕಿಟಕಿ ಪಕ್ಕ ಎತ್ತರವಾಗಿ ಒಂದು ಮರದ ಕಟ್ಟೆ ಬರ್ಕೊಳ್ಳಪ್ಪ. ಕೂತ್ರೆ ರಸ್ತೆ ಕಾಣ್ಬೇಕು."

"ಇರೋದನ್ನ ಮಾತ್ರ ಬರೀಬಹುದಮ್ಮ," ಎಂದರು ಅವರು ಮೆಲ್ಲಗೆ.

ನಾನು ಪೆನ್ನು ಕೆಳಗಿಟ್ಟು ಆ ಕೋಣೆಗೆ ಹೋದೆ. ದಿನವೂ ಗುಡಿಸುತ್ತಿದ್ದ ಕೋಣೆ. ಅವರ ತಗ್ಗು ಮಂಚದ ಮೇಲೆ ಅಂದು ಮೊದಲ ಸಲ ಕೂತು ನೋಡಿದೆ. ಕಿಟಕಿಯಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕು ಬಿಟ್ಟರೆ ಬೇರೇನೂ ಕಾಣಲಿಲ್ಲ.