ಕತ್ತೆಗಳು ಇನ್ನೂ ಬಂದಿಲ್ಲ

ನಮ್ಮ ಮನೆಯವರಿಗೆ, ಅಂದರೆ ನನ್ನ ಗಂಡ ಮಹಾಬಲೇಶ್ವರ ಅವರಿಗೆ, ರಜೆ ಹಾಕುವುದೆಂದರೆ ಕಳ್ಳತನ ಮಾಡಿದಷ್ಟು ಸಂಕೋಚ. ಕುಮಟಾ ಕಡೆ ಮೇಷ್ಟ್ರಾಗಿದ್ದ ಇವರಪ್ಪ ಇಡೀ ಸರ್ವಿಸ್ಸಿನಲ್ಲಿ ಒಂದು ಸಿ.ಎಲ್. ಕೂಡ ಹಾಕದೆ ನಿವೃತ್ತರಾದರಂತೆ. ಅದಕ್ಕೆ ಊರವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರಂತೆ. ಮದುವೆಯಾದ ವಾರದಿಂದ ಈ ಶಾಲಿನ ಕಥೆ ಕೇಳುತ್ತಾ ಬಂದಿದ್ದೇನೆ. ಅದೇ ಶಾಲು ಒಂದು ದಿನ ನಮ್ಮ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ನಾವು ಸ್ವೀಡನ್ನಿನ ಉಮೆಯೊ ಊರಿಗೆ ಬಂದಾಗ ಮಗಳು ಆರಾಧ್ಯಾಳಿಗೆ ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಸೇರುವ ವಯಸ್ಸು. ಈಗ ಒಂದನೇ ಕ್ಲಾಸು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾಳೆ, ಬೈದರೆ ಮಾತ್ರ ಕನ್ನಡಕ್ಕೆ ಬರುತ್ತಾಳೆ. ಇವರ ವರ್ಕ್ ಪರ್ಮಿಟ್ಟನ್ನು ಇನ್ನೊಂದೇ ಸಲ ನವೀಕರಿಸಬೇಕಿತ್ತು, ಆಮೇಲೆ ಕಾಯಂ ವಾಸದ ಪರವಾನಗಿ. ನಾನು ಆಗಲೇ ಬಾಲ್ಕನಿಗೆ ಕರಿಬೇವಿನ ಕುಂಡ ತಂದಾಗಿತ್ತು. ಕರಿಬೇವು ತಂದವಳು ಇನ್ನು ಅಲ್ಲಾಡುವುದಿಲ್ಲ ಎಂದೇ ಲೆಕ್ಕ.

ಇವರು ಕೆಲಸ ಮಾಡುತ್ತಿದ್ದುದು ಕಂಪ್ಯೂಟರ್ ಗೇಮ್ ಮಾಡುವ ಒಂದು ಕಂಪನಿಯಲ್ಲಿ. ಹೊಸ ಗೇಮು ಪ್ರಾಚೀನ ಅಸ್ಸೀರಿಯಾ ಸಾಮ್ರಾಜ್ಯದ ಮೇಲೆ. ಆಡುವವನೇ ರಾಜ. ರಾಜಧಾನಿ ನಿನೆವೆಯಲ್ಲಿ ಅರಮನೆ ಕಟ್ಟಬೇಕು, ಸುತ್ತಲಿನ ರಾಜ್ಯಗಳನ್ನು ಗೆಲ್ಲಬೇಕು, ಗೆದ್ದ ಊರಿನ ಜನರನ್ನು ಎಬ್ಬಿಸಿ ದೂರದ ಇನ್ನೊಂದು ಊರಿಗೆ ಸಾಗಿಸಬೇಕು. ಅಸ್ಸೀರಿಯಾದ ರಾಜರು ಲಕ್ಷಗಟ್ಟಲೆ ಜನರನ್ನು ನಿಜವಾಗಿ ಹಾಗೆ ಸಾಗಿಸಿದ್ದರು. ಗೇಮಿನಲ್ಲಿ ಆ ಸಾಗಿಸುವ ಭಾಗ ಇವರದ್ದು. ಊಟಕ್ಕೆ ಕೂತರೆ ಅದೇ ಪುರಾಣ.

"ಸುಮ್ನೆ ಓಡಿಸ್ತಿರ್ಲಿಲ್ಲ ಕಣೆ, ಫುಲ್ ಪ್ಲಾನಿಂಗ್. ಯಾವ ಊರಿಗೆ ಬಡಗಿ ಬೇಕು, ಎಲ್ಲಿಗೆ ರೈತರು ಬೇಕು ಅಂತ ನೋಡಿ, ಫ್ಯಾಮಿಲಿ ಸಮೇತ ಕಳಿಸ್ತಿದ್ರು. ಒಂಥರಾ ವರ್ಕ್ ಪರ್ಮಿಟ್ ಇದ್ದಂಗೆ."

"ಆ ಜನ ಅಪ್ಲಿಕೇಶನ್ ಹಾಕಿದ್ರೇನ್ರೀ?" ಎಂದೆ. ನಕ್ಕುಬಿಟ್ಟರು.

ಇವರಿಗೆ ಬಹಳ ಹಿಡಿಸಿದ್ದು ಆ ಕಾಲದ ಒಂದು ಮಣ್ಣಿನ ಫಲಕದ ಬರಹ. ಒಬ್ಬ ಅಧಿಕಾರಿ ರಾಜನಿಗೆ ಬರೆದದ್ದು. ಸಾಗಿಸಬೇಕಾದ ಜನರಿಗೆ ದವಸ, ಬಟ್ಟೆ, ನೀರಿನ ತೊಗಲುಚೀಲ, ಒಂದು ಜೊತೆ ಚಪ್ಪಲಿ, ಎಣ್ಣೆ ಎಲ್ಲ ಕೊಡುತ್ತೇನೆ, ಕತ್ತೆಗಳು ಇನ್ನೂ ಬಂದಿಲ್ಲ, ಬಂದ ಕೂಡಲೇ ಹೊರಡಿಸುತ್ತೇನೆ ಎಂದು. ಈ ಕತ್ತೆಗಳು ನಮ್ಮ ಮನೆಯ ತಮಾಷೆಯಾಗಿಬಿಟ್ಟವು. ಜನವರಿಯ ಚಳಿಯಲ್ಲಿ ಬಸ್ಸು ತಡವಾದರೆ ಅಪ್ಪ ಮಗಳು ಇಬ್ಬರೂ ಸ್ಟಾಪಿನಲ್ಲಿ ಕುಣಿಯುತ್ತಾ, "ಕತ್ತೆಗಳು ಇನ್ನೂ ಬಂದಿಲ್ಲ!" ಎಂದು ಕೂಗುತ್ತಿದ್ದರು.

ಇಲ್ಲಿ ಜುಲೈ ಬಂತೆಂದರೆ ಆಫೀಸುಗಳು ಖಾಲಿ. ಎಲ್ಲರೂ ಕಾಡಿನ ಕೆಂಪು ಮನೆಗಳಿಗೆ, ಕೆರೆಯ ದಂಡೆಗೆ. ನಮ್ಮ ಮನೆಯವರು ಮಾತ್ರ ಒಬ್ಬರೇ ಕೂತು ಸರ್ವರ್ ಕಾಯುತ್ತಿದ್ದರು. ಇವರ ಬಾಸ್ ಆಂಡರ್ಸ್ ಪ್ರತಿ ವರ್ಷ ಮೇ ತಿಂಗಳಲ್ಲಿ, "ಮಹಾ, ನೀನೂ ರಜೆ ತೆಗೆದುಕೋ," ಎನ್ನುತ್ತಿದ್ದ. ಇವರು ತಲೆ ಆಡಿಸಿ, "ನೋ ಪ್ರಾಬ್ಲಮ್," ಎನ್ನುತ್ತಿದ್ದರು. ಆ ಉತ್ತರದ ಅರ್ಥ ಏನೆಂದು ಅವನೂ ಮತ್ತೆ ಕೇಳಲಿಲ್ಲ, ಅವನಿಗೂ ಸರ್ವರ್ ಕಾಯುವವರು ಬೇಕಿತ್ತು. ಆಗಸ್ಟಿನಲ್ಲಿ ಎಲ್ಲರೂ ಕೆಂಪಗಾಗಿ ವಾಪಸ್ಸು ಬಂದಾಗ ಫಿಕಾದಲ್ಲಿ, ಅಂದರೆ ಆಫೀಸಿನ ಕಾಫಿ ಕೂಟದಲ್ಲಿ, ಇವರ ಹೆಸರಿನ ಕೇಕು. ಶಾಲಿನ ಬದಲು ಕೇಕು, ಅಷ್ಟೇ ವ್ಯತ್ಯಾಸ.

"ರಜೆ ಎಲ್ಲಾ ಸೇರಿಸಿಟ್ಟು ಒಂದೇ ಸಲ ಊರಿಗೆ ಹೋಗೋಣ. ಕೈ ಕೆಸರಾದರೆ ಬಾಯಿ ಮೊಸರು ಕಣೆ," ಎಂದರು. ಆ ಕೆಸರು ಕೊನೆಗೆ ಬಾಯಿಗೂ ಬಂತು.

ನಮ್ಮ ಕಟ್ಟಡದ ಕೆಳಗೆ ಶಮೀರಾಮ್ ಎಂಬಾಕೆಯ ಸಲೂನು. ಅವಳು ಅಸ್ಸೀರಿಯನ್. ಆ ಜನ ಇನ್ನೂ ಇದ್ದಾರೆ ಎಂಬುದೇ ನನಗೆ ಅವಳನ್ನು ನೋಡುವವರೆಗೆ ಗೊತ್ತಿರಲಿಲ್ಲ. ತುರ್ಕಿಯ ಆಗ್ನೇಯ ಮೂಲೆಯ ಹಳ್ಳಿಯಿಂದ ಅವಳ ಅಪ್ಪ ಅಮ್ಮ ಇಲ್ಲಿಗೆ ಬಂದವರು. ಅವಳ ಕನ್ನಡಿಯ ಪಕ್ಕದಲ್ಲಿ ರೆಕ್ಕೆಯ ಗೂಳಿಯ ಚಿತ್ರ ಇತ್ತು, ಅದಕ್ಕೆ ಮನುಷ್ಯನ ಮುಖ, ಗುಂಗುರು ಗಡ್ಡ. ಅವಳ ಹೆಸರೂ ಹಳೆಯ ರಾಣಿಯೊಬ್ಬಳದ್ದೇ. ಅವಳಿಗೆ ಗೇಮು ತೋರಿಸಲೇಬೇಕೆಂದು ಇವರು ಹಟ ಹಿಡಿದು ಒಂದು ಭಾನುವಾರ ಮನೆಗೆ ಕರೆದರು. ತನ್ನ ಪೂರ್ವಜರ ವೈಭವ ನೋಡಿ ಅವಳು ಹಿಗ್ಗುತ್ತಾಳೆ ಎಂಬ ನಂಬಿಕೆ ಇವರದ್ದು.

ನಿನೆವೆಯ ಕೋಟೆ, ತೋಟ, ಕಾಲುವೆ ನೋಡುವಾಗ ಅವಳು ನಿಜಕ್ಕೂ ಹಿಗ್ಗಿದಳು. ಆಮೇಲೆ ಜನರ ಸಾಲು ಬಂತು. ಗಂಟುಮೂಟೆ ಹೊತ್ತವರು, ಎತ್ತಿನ ಗಾಡಿಯ ಮೇಲೆ ಮಕ್ಕಳು. ಇವರು ಆ ಫಲಕದ ಚಪ್ಪಲಿ, ಎಣ್ಣೆ, ಕತ್ತೆಗಳ ಕಥೆಯನ್ನೂ ಹೇಳಿದರು. ಅವಳು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟಳು.

"ನನ್ನ ಮುತ್ತಜ್ಜಿ ಹೀಗೇ ನಡೆದಳು, ನೂರು ವರ್ಷದ ಹಿಂದೆ, ತುರ್ಕಿಯ ಸೈನ್ಯ ನಮ್ಮವರನ್ನು ಊರು ಬಿಡಿಸಿದಾಗ. ಅವಳಿಗೆ ಯಾರೂ ಚಪ್ಪಲಿ ಕೊಡಲಿಲ್ಲ," ಎಂದಳು. ಆಮೇಲೆ ಪರದೆಯ ಕಡೆ ಬೆರಳು ತೋರಿಸಿ, "ನಮ್ಮವರೇ ಇದನ್ನು ಮೊದಲು ಶುರುಮಾಡಿದ್ದು. ಆಮೇಲೆ ಎಲ್ಲರೂ ನಮ್ಮ ಮೇಲೇ ಅಭ್ಯಾಸ ಮಾಡಿದರು," ಎಂದಳು.

ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ನನ್ನ ನಾಲಗೆಯ ತುದಿಗೆ ಬಂದಿತ್ತು. ಸದ್ಯ, ಸ್ವೀಡಿಷ್‌ನಲ್ಲಿ ಹೇಳಲು ಬರಲಿಲ್ಲ. ಮಾಡಿದವನು ಅರಮನೆಯಲ್ಲಿ ಸತ್ತ, ಉಂಡವಳು ಆ ಮುತ್ತಜ್ಜಿ. ಆ ಗಾದೆ ಕಟ್ಟಿದವರು ಯಾವತ್ತೂ ಬರಿಗಾಲಲ್ಲಿ ನಡೆದವರಲ್ಲ.

ಅದಾಗಿ ಎರಡು ತಿಂಗಳಿಗೆ ಪರ್ಮಿಟ್ ನವೀಕರಣದ ತೀರ್ಮಾನ ಬಂತು. ಇಲ್ಲ ಎಂದಿತ್ತು. ವರ್ಷಕ್ಕೆ ಕನಿಷ್ಠ ಇಷ್ಟು ರಜೆ ಕೊಡಲೇಬೇಕೆಂಬುದು ಪರ್ಮಿಟ್ಟಿನ ಷರತ್ತು. ಇವರು ತೆಗೆದುಕೊಂಡಿಲ್ಲ, ಹಾಗಾಗಿ ಕಂಪನಿ ಕೊಟ್ಟಿಲ್ಲ, ಹಾಗಾಗಿ ಷರತ್ತು ಮುರಿದಿದೆ, ಹಾಗಾಗಿ ನೀವು ಹೊರಡಿ. ಕೆಲಸಗಾರನನ್ನು ಯಾರೂ ಗಾಣದೆತ್ತಿನಂತೆ ದುಡಿಸಬಾರದೆಂದು ಮಾಡಿದ ಕಾನೂನಂತೆ. ಕಾಪಾಡುತ್ತಾ ಕಾಪಾಡುತ್ತಾ ಅದು ಕೆಲಸಗಾರನನ್ನೇ ದೇಶದಿಂದ ಆಚೆ ಹಾಕಿತು. ಮೇಲ್ಮನವಿಯೂ ಬಿದ್ದುಹೋಯಿತು.

ಆಂಡರ್ಸ್ ಮನೆಗೇ ಬಂದ. "ನಾನು ಪ್ರತಿ ವರ್ಷ ಹೇಳಿದ್ದೆ," ಎಂದ. ಹೇಳಿದ್ದು ಹೌದು. ಕೇಕು ತರಿಸಿದ್ದೂ ಅವನೇ. ತುಂಬಾ ಬೇಜಾರಾಗಿದೆ ಎಂದು ಮೂರ್ನಾಲ್ಕು ಸಲ ಹೇಳಿ, ಕಾಫಿ ಕುಡಿದು, ಹೋಗುವಾಗ ಬಾಗಿಲಲ್ಲಿ ನಿಂತು, "ಮಹಾ, ರಿಲೀಸ್ ಹತ್ತಿರ ಬಂತು. ಹೊರಡೋದರೊಳಗೆ ಆ ಒಂದು ಬಗ್ ಮುಗಿಸೋಕಾಗುತ್ತಾ?" ಎಂದ.

"ನೋ ಪ್ರಾಬ್ಲಮ್," ಎಂದರು ಇವರು.

ನನಗೆ ಕಾನೂನಿನ ಮೇಲೆ, ಆಂಡರ್ಸ್ ಮೇಲೆ ಬಂದ ಸಿಟ್ಟೆಲ್ಲ ಒಟ್ಟಾಗಿ ಆ ಗಳಿಗೆ ಇವರ ಮೇಲೆ ತಿರುಗಿತು. ಬಾಗಿಲು ಹಾಕಿದ್ದೇ ಕೇಳಿದೆ, "ಏನ್ರೀ ಅದು ಬಗ್ಗು?"

"ನಾವು ಸಾಗಿಸಿದ ಜನ ಹೊಸ ಊರಲ್ಲಿ ನಿಲ್ತಿಲ್ಲ ಕಣೆ. ಮನೆ ಕೊಟ್ಟಿದೀವಿ, ಹೊಲ ಕೊಟ್ಟಿದೀವಿ. ಆದ್ರೂ ಒಬ್ಬೊಬ್ಬರಾಗಿ ರೋಡಿಗೆ ಇಳಿದು ಹಳೇ ಊರಿಗೆ ವಾಪಸ್ ನಡೀತಾರೆ. ತಪ್ಪು ಎಲ್ಲಿಂದ ಬರ್ತಿದೆ ಅಂತ್ಲೇ ಗೊತ್ತಾಗ್ತಿಲ್ಲ."

"ಅದೊಂದನ್ನ ಹಾಗೇ ಬಿಟ್ಬಿಡಿ."

"ರಿಲೀಸ್ ನಿಂತೋಗತ್ತೆ, ಪಾವನಾ."

"ನಿಲ್ಲಲಿ! ನಾವೇ ನಿಲ್ಲೋಕಾಗ್ಲಿಲ್ಲ, ಅದು ನಿಂತ್ರೆ ನಿಮಗೇನು?"

ಇವರು ತಲೆ ಬಗ್ಗಿಸಿ ಲ್ಯಾಪ್‌ಟಾಪ್ ತೆರೆದರು. ಉಳಿದ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಆರಾಧ್ಯಾಳ ಶಾಲೆಗೆ ಹೇಳಿದೆ, ಸೋಫಾ ಮಾರಿದೆ, ಹಿಮದ ಬೂಟುಗಳನ್ನು ಯಾರಿಗೋ ಕೊಟ್ಟೆ. ಬೆಂಗಳೂರಿನಲ್ಲಿ ಹಿಮದ ಬೂಟು ಯಾರಿಗೆ ಬೇಕು? ಆರಾಧ್ಯಾ ಮಾತ್ರ ಹಿಮದ ಮೇಲೆ ಜಾರುವ ತನ್ನ ಸ್ಲೆಡ್ಡನ್ನು ಕೊಡಲಿಲ್ಲ, ಶಾಲೆಯ ಗೆಳತಿಯ ಮನೆಯಲ್ಲಿ ಇಟ್ಟು ಬಂದಳು. ಚಳಿಗಾಲಕ್ಕೆ ಬೇಕಂತೆ.

ಕರಿಬೇವಿನ ಕುಂಡ ಹೊತ್ತು ಶಮೀರಾಮ್ ಬಳಿಗೆ ಹೋದೆ. ವಿಷಯ ಅವಳಿಗೆ ಆಗಲೇ ತಿಳಿದಿತ್ತು. ಕತ್ತರಿ ಕೆಳಗಿಟ್ಟು, "ಚಪ್ಪಲಿ, ಎಣ್ಣೆ ಏನಾದರೂ ಕೊಟ್ಟರಾ?" ಎಂದಳು.

"ಇಲ್ಲ. ಕತ್ತೆಯೂ ಇಲ್ಲ. ಟಿಕೆಟ್ಟು ನಮ್ಮದೇ ಖರ್ಚು," ಎಂದೆ. ಇಬ್ಬರೂ ನಕ್ಕೆವು. ನಗುತ್ತಲೇ ನನಗೆ ಅಳು ಬಂದು, ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದ ಹೆಂಗಸು ಕನ್ನಡಿಯಲ್ಲಿ ನಮ್ಮನ್ನು ಗಾಬರಿಯಿಂದ ನೋಡಿದಳು. ಶಮೀರಾಮ್‌ಳ ಮುತ್ತಜ್ಜಿಗೆ ಹೋಲಿಸಿದರೆ ನಮ್ಮದು ಯಾವ ಲೆಕ್ಕ ಎಂದು ನನಗೆ ನಾಚಿಕೆಯೂ ಆಯಿತು. ಶಮೀರಾಮ್ ಹಾಗೇನೂ ಹೇಳಲಿಲ್ಲ. ಕುಂಡವನ್ನು ರೆಕ್ಕೆಯ ಗೂಳಿಯ ಕೆಳಗಿಟ್ಟು, ವಾರಕ್ಕೆ ಎಷ್ಟು ನೀರು ಹಾಕಬೇಕು ಎಂದು ಕೇಳಿದಳು.

ಸ್ಟಾಕ್‌ಹೋಮ್ ಏರ್‌ಪೋರ್ಟಿನಲ್ಲಿ ಬೆಂಗಳೂರಿನ ಪ್ರಯಾಣಕ್ಕೆ ಕಾಯುತ್ತಾ ಕೂತೆವು. ಹೊರಗೆ ಜುಲೈ ಬಿಸಿಲು. ಸುತ್ತ ಎಲ್ಲ ರಜೆಗೆ ಹೊರಟ ಜನ, ಟೋಪಿ, ಕಪ್ಪು ಕನ್ನಡಕ. ಇವರು ಚಾರ್ಜ್ ಪಾಯಿಂಟಿನ ಪಕ್ಕದ ಕುರ್ಚಿ ಹಿಡಿದು ಲ್ಯಾಪ್‌ಟಾಪಿನೊಳಗೆ ಮುಳುಗಿದ್ದರು. ಕಂಪನಿಯ ಆ ಲ್ಯಾಪ್‌ಟಾಪನ್ನು ಬೆಂಗಳೂರಿನಿಂದ ಕೊರಿಯರ್ ಮಾಡಿದರೆ ಸಾಕು ಎಂದಿದ್ದ ಆಂಡರ್ಸ್.

"ರೀ, ಇವತ್ತಾದ್ರೂ ರಜಾ ತಗೊಳ್ಳಿ," ಎಂದೆ.

"ಐದೇ ನಿಮಿಷ."

ಆರಾಧ್ಯಾ ಬ್ಯಾಗಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಇದ್ದಕ್ಕಿದ್ದಂತೆ, ಯಾರೂ ಬೈಯದೆಯೇ, ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ನಾವು ಮನೆಗೆ ಯಾವಾಗ ವಾಪಸ್ ಬರೋದು?"

ಇವರಿಗೆ ಕೇಳಿಸಲಿಲ್ಲ. ಪರದೆಯ ಮೇಲೆ ಸಣ್ಣ ಸಣ್ಣ ಜನ ಹೊಲಗಳಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದರು, ರಸ್ತೆಗಳು ಖಾಲಿಯಾಗಿದ್ದವು. ಇವರು ಕುರ್ಚಿಗೆ ಒರಗಿ, ಕನ್ನಡಕ ತೆಗೆದು, ಎಷ್ಟೋ ದಿನಗಳ ಮೇಲೆ ನನ್ನನ್ನು ನೋಡಿ ನಕ್ಕರು.

"ಫಿಕ್ಸ್ ಆಯ್ತು ಕಣೆ," ಎಂದರು. "ಇನ್ನು ಯಾರೂ ವಾಪಸ್ ಬರಲ್ಲ."