ಕನ್ನಡಕ ಒರೆಸುವ ಖಳನಾಯಕ

ಭಾವನನ್ನು ಕೊಲ್ಲಬೇಕೆಂದು ಚಿತ್ರಗಾರ್ತಿ ತೀರ್ಮಾನಿಸಿದ್ದು ಅಕ್ಕನ ಮನೆಯ ಊಟದ ಮೇಜಿನ ಮುಂದೆಯೇ. ಕೊಲ್ಲುವುದು ಕಾಮಿಕ್ಸ್ ಪುಟದ ಮೇಲೆ, ವಾರವಾರವೂ, ಇಷ್ಟಿಷ್ಟೇ.

ಭಾವನದು ಸ್ವಂತ ಮುದ್ರಣಾಲಯ. ಅಲ್ಲಿ ಕೂತು ಅವಳು ಕಣ್ಣು ನೋಯುವ ತನಕ ಬರೆದ ಹಾರುವ ಹುಡುಗಿಯ ಪುಸ್ತಕ ಹೊರಬಂದಾಗ ಮುಖಪುಟದಲ್ಲಿದ್ದದ್ದು ಅವನೊಬ್ಬನದೇ ಹೆಸರು. ಊಟಕ್ಕೆ ಬಂದ ಅತಿಥಿ ಪುಸ್ತಕ ಹೊಗಳಿದಾಗ ಅವನು ಕನ್ನಡಕ ತೆಗೆದು, ಬಾಯಿಂದ ಹಬೆ ಊದಿ, ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿದ. ಸುಳ್ಳು ಹೇಳುವ ಮುಂಚೆ ಅವನು ಯಾವಾಗಲೂ ಹಾಗೆಯೇ.

"ಕಥೆ, ಚಿತ್ರ ಎಲ್ಲಾ ನಂದೇ ಸಾರ್. ನಮ್ಮ ನಾದಿನಿ ಬಣ್ಣ ತುಂಬ್ತಾಳೆ ಅಷ್ಟೆ."

ಅಕ್ಕ ತಲೆ ತಗ್ಗಿಸಿ ನೀರು ಬಗ್ಗಿಸಿದಳು.

ಆಮೇಲೆ ಮಕ್ಕಳ ವಾರಪತ್ರಿಕೆಯೊಂದರಲ್ಲಿ ಚಿತ್ರಗಾರ್ತಿಗೆ ಹೊಸ ಕಾಮಿಕ್ಸ್ ಧಾರಾವಾಹಿ ಸಿಕ್ಕಿತು. ಅದರ ಖಳನಾಯಕ ಕತ್ತಲರಾಯನಿಗೆ ಭಾವನ ಮುಖವನ್ನೇ ಅಂಟಿಸಿದಳು. ಸಾಲದು ಅನ್ನಿಸಿ ಕೋರೆಹಲ್ಲು, ನರಹುಲಿ, ಜೊಲ್ಲು ಎಲ್ಲವನ್ನೂ ಧಾರಾಳವಾಗಿ ದಯಪಾಲಿಸಿದಳು. ಸಂಪಾದಕಿ ಪುಟ ನೋಡಿ ಮುಖ ಸಿಂಡರಿಸಿದರು.

"ಇದೇನಮ್ಮ ಬೆದರುಬೊಂಬೆ? ಮಕ್ಕಳಿರ್ಲಿ, ಕಾಗೆನೂ ಹೆದರಲ್ಲ."

"ತುಂಬಾ ಕೆಟ್ಟವನು ಮೇಡಂ ಇವನು."

"ಅದು ನಿಂಗೆ ಗೊತ್ತು. ಅವನ ಲೆಕ್ಕದಲ್ಲಿ ಅವನೇ ಸರಿ ಇರ್ಬೇಕು. ಆ ಹಲ್ಲು ಕಿತ್ತಾಕು, ಒಂದು ಕಾರಣ ಕೊಡು."

ಅವನಿಗೊಂದು ಕಾರಣ ಕೊಡುವುದೆಂದರೆ ಕೈಯಾರೆ ತುತ್ತು ಕೊಟ್ಟಷ್ಟು ಸಂಕಟ. ಆದರೂ ಸೇಡಿನ ಆಸೆಗೆ ಹಲ್ಲು ಕಚ್ಚಿಕೊಂಡು ಕೊಟ್ಟಳು. ಹೊಸ ಕತ್ತಲರಾಯ ಮೆದುಮಾತಿನವನು. ಕತ್ತಲಾದರೇ ಜನ ನೆಮ್ಮದಿಯಾಗಿ ನಿದ್ದೆ ಮಾಡುವುದೆಂದು ಮನಸಾರೆ ನಂಬಿ ಊರೂರಿನ ದೀಪ ಆರಿಸುವವನು. ಆರಿಸುವ ಮುನ್ನ ಕನ್ನಡಕ ಒರೆಸುವವನು. ಅವನನ್ನು ಅವಳು ಸದಾ ಕೆಳಗಿನಿಂದ ನೋಡಿದಂತೆಯೇ ಬರೆದಳು. ಓದುವವನು ಅವನ ಕಾಲ ಬುಡದಲ್ಲಿ ಬಿದ್ದಂತೆ ಬೂಟು ದೊಡ್ಡದು, ಮುಖ ಎಲ್ಲೋ ಚಾವಣಿಯ ಹತ್ತಿರ.

ಮಕ್ಕಳಿಗೆ ಹುಚ್ಚೇ ಹಿಡಿಯಿತು. ಶಾಲೆಗಳಲ್ಲಿ ಇಲ್ಲದ ಕನ್ನಡಕ ತೆಗೆದು ಒರೆಸುವುದೇ ಆಟವಾಯಿತು. ನಾಯಕಿಯನ್ನು ಕೇಳುವವರೇ ಇರಲಿಲ್ಲ. ಚಿತ್ರಗಾರ್ತಿಗೂ ಅಷ್ಟೆ, ಬೆಳಗ್ಗೆ ಎದ್ದೊಡನೆ ಕತ್ತಲರಾಯನೇ ನೆನಪಾಗುತ್ತಿದ್ದ. ಅವಳ ಕೈಯಿಂದ ಇಂಥವನು ಹಿಂದೆಂದೂ ಮೂಡಿರಲಿಲ್ಲ.

ಭಾವ ಉರಿದು ಬಿದ್ದ ಸುದ್ದಿಗಾಗಿ ಅವಳು ಕಿವಿ ನೆಟ್ಟಗೆ ಮಾಡಿಕೊಂಡು ಕಾದಳು. ಕೊನೆಗೂ ಅಕ್ಕನ ಫೋನ್ ಬಂತು.

"ನಿಮ್ಮ ಭಾವ ನೆಲದ ಮೇಲೇ ಇಲ್ಲ ಕಣೆ. ಕತ್ತಲರಾಯ ಅಂದ್ರೆ ನಾನೇ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳ್ಕೊಂಡು ತಿರುಗ್ತಿದಾರೆ. ಕರಿ ಕೋಟು ಬೇರೆ ಹೊಲಿಸ್ಕೊಂಡಿದಾರೆ!"

ನಂಬದೆ ಹೋಗಿ ನೋಡಿದಳು. ಮುದ್ರಣಾಲಯದ ಬಾಗಿಲಲ್ಲಿ ಭಾವ ಕೋಟು ತೊಟ್ಟು ಮಕ್ಕಳಿಗೆ ಸಹಿ ಹಾಕಿಕೊಡುತ್ತಿದ್ದ.

"ಬಾರಮ್ಮ, ಬಾ! ಕೊನೇಲಿ ಸಾಯ್ಸೋದೇ ಆದ್ರೆ ಜೋರಾಗೇ ಸಾಯ್ಸು. ಅರ್ಧ ಊರಾದ್ರೂ ನನ್ ಜೊತೆ ಸುಟ್ಟುಹೋಗ್ಬೇಕು."

ಅವಳ ಮೈಯೆಲ್ಲ ಉರಿದುಹೋಯಿತು. ಮಣ್ಣು ಮುಕ್ಕಿಸಲು ಹೋಗಿ ಪುಣ್ಯಾತ್ಮನನ್ನು ತಾನೇ ಹೆಗಲ ಮೇಲೆ ಹೊತ್ತು ಮೆರೆಸಿದ್ದಳು! ಕೊಂದರೂ ಅವನಿಗೆ ಮೆರವಣಿಗೆಯೇ. ಇಂಥವನಿಗೆ ಸಾವು ಶಿಕ್ಷೆಯಲ್ಲ, ಸಪ್ಪೆಯಾಗುವುದು ಶಿಕ್ಷೆ. ಖಳನಾಯಕ ಹೇಗೆ ಕೆಡುತ್ತಾನೆಂಬುದು ಈ ಕಸುಬಿನಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದವಳೇ ಕೊನೆಯ ಕಂತನ್ನು ಪೆನ್ಸಿಲ್‌ನಲ್ಲಿ ಬರೆದಳು. ಕತ್ತಲರಾಯನನ್ನು ಮೊದಲ ಸಲ ಮೇಲಿನಿಂದ ತೋರಿಸಿದಳು: ಬೋಳು ನೆತ್ತಿ, ಅದರ ಮೇಲೆ ಈ ಕಿವಿಯಿಂದ ಆ ಕಿವಿಗೆ ಎಳೆದು ಅಂಟಿಸಿದ ನಾಲ್ಕೇ ಕೂದಲು. ತನ್ನ ಯೋಜನೆಯನ್ನು ಅವನು ಇಡೀ ಪುಟ ಕೊರೆಯುತ್ತಾನೆ, ನಾಯಕಿ ಆಕಳಿಸುತ್ತಾಳೆ. ದೀಪದ ಸ್ವಿಚ್ಚು ಅವನ ಕೈಗೆ ಎಟುಕುವುದಿಲ್ಲ. ಕಡೆಗೆ ಯಾಕೆಂದು ತನಗೇ ತಿಳಿಯದೆ ಕ್ಷಮೆ ಕೇಳಿ, ನಾಯಕಿಯ ಕೈಚೀಲ ಹಿಡಿದುಕೊಂಡು ಹಿಂದೆ ಹೋಗುತ್ತಾನೆ. ಪುಟಗಳ ಪ್ರತಿಯನ್ನು ಬೇಕೆಂದೇ ಭಾವನಿಗೆ ಕಳಿಸಿಕೊಟ್ಟಳು.

ಭಾವ ಏದುಸಿರು ಬಿಡುತ್ತಾ ಬಂದ. ಮೈಮೇಲೆ ಕೋಟಿರಲಿಲ್ಲ.

"ಬೆಂಕಿ ಹಚ್ಚು, ಗುಂಡು ಹೊಡಿ, ಏನಾದ್ರೂ ಮಾಡು. ನನ್ನ ಇಂಥ ಪೆದ್ದನ್ನ ಮಾತ್ರ ಮಾಡ್ಬೇಡ ಕಣಮ್ಮ. ಊರೆಲ್ಲ ನಗುತ್ತೆ. ಆ ಪುಸ್ತಕಕ್ಕೆ ನಿನ್ ಹೆಸರು ಹಾಕ್ತೀನಿ. ನಿಂದೊಂದೇ. ದೊಡ್ಡಕ್ಷರದಲ್ಲಿ. ನಾಳೇನೇ."

ಈ ಸಲ ಅವನ ಕೈ ಕನ್ನಡಕದ ಕಡೆ ಹೋಗಲಿಲ್ಲ. ನಿಜವನ್ನೇ ಹೇಳುತ್ತಿದ್ದ. ಹ್ಞೂಂ ಅಂದರೆ ಸಾಕು, ಹಾರುವ ಹುಡುಗಿ ಮರಳಿ ಸಿಗುತ್ತಾಳೆ, ಕತ್ತಲರಾಯನೂ ಉಳಿಯುತ್ತಾನೆ. ಪೆನ್ಸಿಲ್ ಗೀಟನ್ನು ರಬ್ಬರಿನಿಂದ ಅಳಿಸಬಹುದು, ಶಾಯಿ ಬಿದ್ದ ಮೇಲೆ ಆಗದು. ಇವನನ್ನು ಹೀಗೆ ಕೆಡಿಸಿದರೆ ಸಂಪಾದಕಿ ಉಗಿಯುವುದು ಖಂಡಿತ. ಇಂಥ ಖಳನಾಯಕ ಇನ್ನೊಮ್ಮೆ ಕೈಗೆ ದಕ್ಕುವುದಿಲ್ಲವೆಂಬುದೂ ಖಂಡಿತ. ಕತ್ತಲರಾಯನಿಗಾಗಿ ಅವಳ ಕಣ್ಣು ತುಂಬಿಬಂತು. ಅದು ತನಗಾಗಿ ಅಂದುಕೊಂಡು ಭಾವನ ಮುಖ ಅರಳಿತು.

ಆ ಅರಳಿದ ಮುಖ ನೋಡಿದ್ದೇ ತಡ, ಅವಳು ಕಣ್ಣೊರೆಸಿಕೊಂಡು ಲೇಖನಿಯನ್ನು ಶಾಯಿಯಲ್ಲಿ ಅದ್ದಿದಳು.

"ಪಕ್ಕಕ್ಕೆ ಸರೀರಿ ಭಾವ, ಬೆಳಕಿಗೆ ಅಡ್ಡ ಬರ್ತಿದೀರ" ಅಂದು, ಕತ್ತಲರಾಯನ ನೆತ್ತಿಯ ಮೇಲಿನ ನಾಲ್ಕು ಕೂದಲನ್ನು ಒಂದೊಂದಾಗಿ, ಭಾವನ ಕಣ್ಣೆದುರೇ, ಕಪ್ಪಗೆ ತಿದ್ದಿದಳು.